ಒಂದು ಫೈಲೂ ಹೋಗಲಿಲ್ಲ

ಶಬ್ನಮಳ ಲ್ಯಾಪ್‌ಟಾಪ್ ಕೆಟ್ಟಿತೆಂಬ ಸುದ್ದಿ ಅಡುಗೆಮನೆಗೆ ಬಂದಾಗ ಆಸ್ಮಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಸುದ್ದಿ ತಂದವರು ಅತ್ತೆ ಗುಲ್ಜಾರ್‌ಬೀ.

“ಕೈ ತೊಳ್ಕೊಂಡು ಸ್ವಲ್ಪ ಬಾರೇ ಆಸ್ಮಾ. ಆ ಹುಡುಗಿ ಕಂಪ್ಯೂಟರ್ ಮುಂದೆ ಅಳ್ತಾ ಕುಂತೈತೆ.”

ಆಸ್ಮಾ ಬೇಕೆಂದೇ ನಿಧಾನವಾಗಿ ಕೈ ತೊಳೆದಳು. ಶಬ್ನಮ್ ಅಳುತ್ತಿದ್ದಾಳೆ ಎಂಬ ಮಾತು ಕಿವಿಗೆ ಬಿದ್ದೊಡನೆ ತನ್ನೊಳಗೆ ಏನೋ ತಂಪಾದದ್ದು ಅವಳಿಗೇ ಗೊತ್ತಾಯಿತು. ಅದಕ್ಕೆ ನಾಚಿಕೆಯೂ ಆಯಿತು. ಆದರೆ ತಂಪು ಮೊದಲು ಬಂತು, ನಾಚಿಕೆ ಆಮೇಲೆ ಬಂತು.

ಚನ್ನಗಿರಿಯ ಆ ಮನೆಗೆ ಆಸ್ಮಾ ಹಿರಿಯ ಸೊಸೆ, ಶಬ್ನಮ್ ಕಿರಿಯವಳು. ಆಸ್ಮಾಳ ತವರು ಹೊನ್ನಾಳಿ. ಬಿ.ಕಾಂ. ಮುಗಿಸಿ ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದವಳನ್ನು ಕರೀಮ್‌ಗೆ ಕೊಟ್ಟಿದ್ದರು. ಕರೀಮ್‌ನದು ಬಸ್ ನಿಲ್ದಾಣದ ರಸ್ತೆಯಲ್ಲಿ ಕುಶನ್ ಅಂಗಡಿ. ಟ್ರ್ಯಾಕ್ಟರ್, ಆಟೋಗಳಿಗೆ ಸೀಟು ಹೊಲಿಯುವ ಕೆಲಸ. ಆಸ್ಮಾ ಬರುವಾಗ ತನ್ನ ಕಂಪ್ಯೂಟರನ್ನೂ ಜೊತೆಗೆ ತಂದಳು. ಬೀದಿಗೆ ಕಿಟಕಿ ತೆರೆಯುವ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಓಣಿಯ ಮಕ್ಕಳ ಅರ್ಜಿ ತುಂಬಿಕೊಟ್ಟಳು, ಮದುವೆ ಕಾರ್ಡಿನ ಬರಹ ಟೈಪ್ ಮಾಡಿಕೊಟ್ಟಳು, ಯಾರದಾದರೂ ಸಿಸ್ಟಮ್ ಕೆಟ್ಟರೆ ಸರಿಮಾಡಿದಳು. ಕಂಪ್ಯೂಟರ್ ಆಸ್ಮಾ ಎಂದರೆ ಓಣಿಗೆಲ್ಲ ಗೊತ್ತಿತ್ತು.

ಕೆಲವು ವರ್ಷದ ಮೇಲೆ ಕರೀಮನ ತಮ್ಮ ಆರಿಫ್‌ಗೆ ನ್ಯಾಮತಿಯಿಂದ ಶಬ್ನಮಳನ್ನು ತಂದರು. ಆರಿಫ್ ಗೂಡ್ಸ್ ಆಟೋ ಓಡಿಸುತ್ತಿದ್ದ. ಶಬ್ನಮ್ ಪಿಯುಸಿ ಅರ್ಧಕ್ಕೆ ಬಿಟ್ಟವಳು, ರವಿಕೆ ಹೊಲಿಯುವುದರಲ್ಲಿ ಕೈ ಚುರುಕು. ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಅವಳ ಕೈ ಮೇಲೆ ಕೈಯಿಟ್ಟು ಹಿಡಿಯುವುದು ಕಲಿಸಿದವಳು ಆಸ್ಮಾ. ಆಗ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿದ್ದೂ ಉಂಟು.

ಆಮೇಲೆ ಕಂಪ್ಯೂಟರ್ ಕಸೂತಿ ಯಂತ್ರ ಬಂತು. ಜಗಳೂರಿನ ತಿಪ್ಪೇಶ್ ಎಂಬವನು ಅಂಥ ಯಂತ್ರಗಳನ್ನು ಮಾರುತ್ತಿದ್ದ. ಅವನೇ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟು, ಅದರಲ್ಲಿ ಚಿತ್ರವನ್ನು ಹೊಲಿಗೆಯಾಗಿ ಬದಲಿಸುವ ಪ್ರೋಗ್ರಾಂ ಹಾಕಿಕೊಟ್ಟಿದ್ದ. ಲ್ಯಾಪ್‌ಟಾಪಿನಲ್ಲಿ ಬಿಡಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಯಂತ್ರಕ್ಕೆ ಚುಚ್ಚಿದರೆ ಸೂಜಿ ತಾನೇ ಓಡಾಡಿ ಹೂವು ಬಿಡಿಸುತ್ತಿತ್ತು. ಯಂತ್ರ ದೊಡ್ಡದು, ಅದಕ್ಕೆ ಬೆಳಕಿನ ಜಾಗ ಬೇಕು. ಆದ್ದರಿಂದ ಮುಂದಿನ ಕೋಣೆ ಶಬ್ನಮಳದಾಯಿತು. ಆಸ್ಮಾಳ ಮೇಜನ್ನು ಕರೀಮನೇ ಎತ್ತಿ ತಂದು ಮಲಗುವ ಕೋಣೆಯ ಬೀರುವಿನ ಪಕ್ಕ ಇಟ್ಟ. “ಇಲ್ಲಿ ಗದ್ದಲ ಇರಲ್ಲ, ನಿಂಗೂ ಆರಾಮು,” ಎಂದ. ಕೇಳಿ ಎತ್ತಿದ್ದರೆ ಆಸ್ಮಾ ಹೂಂ ಎನ್ನುತ್ತಿದ್ದಳೇನೋ. ಯಾರೂ ಕೇಳಲಿಲ್ಲ.

ಬೀರುವಿನ ಪಕ್ಕದ ಮೇಜಿಗೆ ಯಾರು ಬಂದಾರು? ಮಲಗುವ ಕೋಣೆಗೆ ಅರ್ಜಿ ತುಂಬಿಸಲು ಹೊರಗಿನವರು ಬರಲಿಲ್ಲ. ಮುಂದಿನ ಕೋಣೆಗೆ ಮಾತ್ರ ಸಂತೇಬೆನ್ನೂರಿನಿಂದ, ಬಸವಾಪಟ್ಟಣದಿಂದ, ಅತ್ತ ಬಿಳಿಚೋಡಿನಿಂದಲೂ ಹೆಂಗಸರು ಬಂದರು. ಗುಲ್ಜಾರ್‌ಬೀ ಎಲ್ಲರಿಗೂ ಕಿರಿಯ ಸೊಸೆಯ ಕೆಲಸ ಬಿಡಿಸಿ ತೋರಿಸುತ್ತಿದ್ದರು. ಒಮ್ಮೆ ದಾರದ ಪಾರ್ಸಲ್ ತಂದವನು ಬಾಗಿಲಲ್ಲಿ ನಿಂತಿದ್ದ ಆಸ್ಮಾಳನ್ನು, “ಶಬ್ನಮ್ ಅವ್ರ ಮನೆ ಇದೇ ಏನ್ರಿ? ನೀವು ಅವ್ರ ಹತ್ರ ಕೆಲಸಕ್ಕಿದ್ದೀರಾ?” ಎಂದು ಕೇಳಿದ್ದ. ಆಸ್ಮಾ ಸಹಿ ಹಾಕಿ ಪಾರ್ಸಲ್ ತೆಗೆದುಕೊಂಡಳು. ಆ ದಿನವಿಡೀ ಅವಳಿಗೆ ಅನ್ನ ಸೇರಲಿಲ್ಲ.

ಈಗ ಅದೇ ಕೋಣೆಯಲ್ಲಿ ಶಬ್ನಮ್ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಕುಳಿತಿದ್ದಳು. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಚುಕ್ಕೆಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಸುತ್ತಿ ಸುತ್ತಿ ನಿಂತು, ಮತ್ತೆ ಮೊದಲಿನಿಂದ.

“ಅಪ್‌ಡೇಟ್ ಆಗ್ತಿತ್ತು ಭಾಬಿ, ಕರೆಂಟ್ ಹೋತು. ಇದ್ರ ಬ್ಯಾಟ್ರಿ ಮೊದ್ಲೇ ಸತ್ತೈತಲ್ಲ. ಅವಾಗಿಂದ ಹಿಂಗೆ. ದುರ್ಗಾಂಬಿಕಾ ರವಿಕೆ ಇದ್ರಾಗೇ ಐತೆ.”

ದುರ್ಗಾಂಬಿಕಾ ನ್ಯಾಮತಿಯಲ್ಲಿ ಶಬ್ನಮಳ ಜೊತೆ ಓದಿದವಳು. ಮುಂದಿನ ವಾರ ಅವಳ ಮದುವೆ. ನವಿಲು, ಆನೆ, ಕಮಲ ಯಾವುದೂ ಬೇಡ, ಯಾರೂ ತೊಡದೆ ಇರುವಂಥದ್ದೇನಾದರೂ ಮಾಡಿಕೊಡು ಎಂದು ಗೆಳತಿಗೆ ಹೇಳಿದ್ದಳು. ಏನು ಮಾಡಿದ್ದಾಳೆಂದು ಶಬ್ನಮ್ ಮನೆಯಲ್ಲೂ ಯಾರಿಗೂ ತೋರಿಸಿರಲಿಲ್ಲ.

ಆಸ್ಮಾ ಕುರ್ಚಿ ಎಳೆದುಕೊಂಡಳು. ಗುಂಡಿಗಳನ್ನು ಒತ್ತಿ ನೋಡಿದಳು. ಸಿಸ್ಟಮ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಹೊರಟು ಸೋತು ಮತ್ತೆ ಚುಕ್ಕೆಗಳನ್ನೇ ತಿರುಗಿಸಿತು.

“ಇದು ಏಳಲ್ಲ. ಹೊಸದಾಗಿ ಸಿಸ್ಟಮ್ ಹಾಕ್ಬೇಕು.”

“ಹಾಕಿದ್ರೆ ಎಲ್ಲ ಅಳಿಸಿ ಹೋಗ್ತೈತಂತೆ? ಸಂತೇಬೆನ್ನೂರಾಗೆ ಒಬ್ರದ್ದು ಹಂಗೇ ಆತಂತೆ, ಮಕ್ಕಳ ಫೋಟೋ ಸಮೇತ ಹೋತಂತೆ.”

“ಹಾಕೋರಿಗೆ ಬರದಿದ್ರೆ ಹೋಗ್ತೈತೆ.”

“ಏನೂ ಹೋಗಲ್ಲ ಅಲ್ವಾ ಭಾಬಿ?”

“ಒಂದು ಫೈಲೂ ಹೋಗಲ್ಲ,” ಎಂದಳು ಆಸ್ಮಾ.

ಶಬ್ನಮ್ ಅವಳ ಕೈ ಹಿಡಿದುಕೊಂಡಳು. ಗುಲ್ಜಾರ್‌ಬೀ, “ನಾನು ಹೇಳ್ಲಿಲ್ವಾ, ದೊಡ್ಡಾಕೆ ಇರೋವಾಗ ನಿಂಗ್ಯಾಕೆ ಭಯ,” ಎಂದು ಚಹಾ ಮಾಡಲು ತಾವೇ ಎದ್ದರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಆಸ್ಮಾಳಿಗೆ ಕುಳಿತಲ್ಲಿಗೆ ಚಹಾ ಬಂತು.

ಲ್ಯಾಪ್‌ಟಾಪನ್ನು ಅವಳು ತನ್ನ ಮೇಜಿಗೆ ಎತ್ತಿಕೊಂಡು ಹೋದಳು. ತನ್ನ ಹಳೆಯ ಕಂಪ್ಯೂಟರಿನಲ್ಲಿ ಎರಡು ಪೆನ್‌ಡ್ರೈವ್ ಸಿದ್ಧಮಾಡಿದಳು. ಒಂದರಲ್ಲಿ ಡಿಸ್ಕ್ ಮುಟ್ಟದೆ ತಾನಾಗಿಯೇ ಓಡುವ ಪುಟ್ಟ ಸಿಸ್ಟಮ್, ಇನ್ನೊಂದರಲ್ಲಿ ಹೊಸದಾಗಿ ಹಾಕಬೇಕಾದದ್ದು. ಮೊದಲನೆಯದನ್ನು ಚುಚ್ಚಿ ಲ್ಯಾಪ್‌ಟಾಪ್ ಎಬ್ಬಿಸಿದಳು. ಸಿಸ್ಟಮ್ ಸತ್ತಿದ್ದರೂ ಡಿಸ್ಕ್ ಚೆನ್ನಾಗಿಯೇ ಇತ್ತು. ಒಳಗಿದ್ದದ್ದೆಲ್ಲ ಪರದೆಯ ಮೇಲೆ ತೆರೆದುಕೊಂಡಿತು. ತನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಿಕ್ಕಿಸಿ ನಕಲು ಮಾಡಲು ತೊಡಗಿದಳು. ಹೊಸದು ಹಾಕುವ ಮುಂಚೆ ಇದ್ದದ್ದನ್ನು ಬೇರೆ ಕಡೆ ಇಡು ಎಂಬುದು ಹೊನ್ನಾಳಿಯ ತರಗತಿಯಲ್ಲಿ ಅವಳು ಮೊದಲ ದಿನವೇ ಹೇಳುತ್ತಿದ್ದ ಪಾಠ.

ಫೋಲ್ಡರುಗಳು ಸಾಲಾಗಿ ಕುಳಿತಿದ್ದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ತೆರೆದರೆ ಒಳಗೆ ಊರು, ಊರಿನೊಳಗೆ ಗಿರಾಕಿಯ ಹೆಸರು, ಹೆಸರಿನೊಳಗೆ ತೋಳು, ಬೆನ್ನು, ಕುತ್ತಿಗೆ. ಎಲ್ಲಕ್ಕೂ ಒಂದೊಂದು ಮನೆ ಇರಬೇಕು ಎಂದು ಶಬ್ನಮ್‌ಗೆ ಕಲಿಸಿದ್ದು ಆಸ್ಮಾಳೇ. ತನ್ನ ಪಾಠ ಇಷ್ಟು ಚೆನ್ನಾಗಿ ಬೇರೂರಿದ್ದನ್ನು ನೋಡಿ ಅವಳಿಗೆ ಹೆಮ್ಮೆಯಾಗಲಿಲ್ಲ. ತನ್ನ ಪೆಟ್ಟಿಗೆಯ ಸೀರೆಯನ್ನು ಬೇರೆಯವರು ಉಟ್ಟು ಎದುರಿಗೆ ಓಡಾಡಿದಂತೆ ಆಯಿತು.

ಫೋಟೋಗಳಿದ್ದವು. ಗಿರಾಕಿಗಳು, ರವಿಕೆಗಳು, ಆರಿಫ್, ಗುಲ್ಜಾರ್‌ಬೀ ನಗುತ್ತಿರುವುದು, ಗುಲ್ಜಾರ್‌ಬೀ ದಾರ ಪೋಣಿಸುತ್ತಿರುವುದು, ಹಬ್ಬದ ದಿನ ಕರೀಮ್ ಯಂತ್ರಕ್ಕೆ ಹೂವು ಮುಡಿಸುತ್ತಿರುವುದು. ಆಸ್ಮಾ ತನ್ನನ್ನು ಹುಡುಕಿದಳು. ಹಬ್ಬದ ಫೋಟೋ ಒಂದರಲ್ಲಿ ಅಡುಗೆಮನೆ ಬಾಗಿಲ ಬಳಿ ಒಂದು ಮೊಣಕೈ ಕಂಡಿತು. ಬಳೆ ನೋಡಿ ಅದು ತನ್ನದೇ ಎಂದುಕೊಂಡಳು.

ನ್ಯಾಮತಿಯ ಫೋಲ್ಡರಿನಲ್ಲಿ ದುರ್ಗಾಂಬಿಕಾ ಎಂಬ ಹೆಸರು. ಒಳಗೊಂದು ಚಿತ್ರ. ಆಸ್ಮಾ ಅದನ್ನು ತೆರೆದಳು. ಅವರೆ ಬಳ್ಳಿ. ಮೊಣಕೈಯಿಂದ ಹತ್ತಿ ಭುಜ ಬಳಸಿ ಬೆನ್ನಿಗೆ ಇಳಿಯುವ ಬಳ್ಳಿ. ನೇರಳೆ ಬಣ್ಣದ ಸಣ್ಣ ಹೂವು, ಅಲ್ಲಲ್ಲಿ ಎಳೆಯ ಕಾಯಿ, ಒಂದು ಕಾಯಿ ಬಾಯಿ ಬಿಟ್ಟು ಒಳಗಿನ ಕಾಳು ಕಾಣುವಂತೆ. ಹಿತ್ತಲಿನ ಬೇಲಿಯ ಮೇಲೆ ಪ್ರತಿ ವರ್ಷ ಹಬ್ಬುವ ಬಳ್ಳಿ ಅದು. ಆಸ್ಮಾ ದಿನವೂ ಅದರಿಂದ ಕಾಯಿ ಕಿತ್ತು ಸಾರು ಮಾಡಿದ್ದಳು. ಅದು ರವಿಕೆಯ ತೋಳಾಗಬಹುದೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವಳಿಗೆ ಬೇಕಿದ್ದದ್ದು ಹಣವಲ್ಲ, ಹೆಸರೂ ಅಲ್ಲ. ಆ ಹೊಳಹು ಬೇಕಿತ್ತು. ಅದು ತನಗೆ ಬಾರದೆ, ತಾನು ಮೌಸ್ ಹಿಡಿಯಲು ಕಲಿಸಿದವಳಿಗೆ ಬಂದಿತ್ತು.

ನಕಲು ಮುಗಿಯುತ್ತ ಬಂದಿತ್ತು. ಆಗ ಒಂದು ಮೂಲೆಯಲ್ಲಿದ್ದ ಸಣ್ಣ ಫೋಲ್ಡರ್ ಕಣ್ಣಿಗೆ ಬಿತ್ತು. ಕಸೂತಿ ಪ್ರೋಗ್ರಾಮಿನ ಹೆಸರು, ಅದರೊಳಗೆ ಲೈಸೆನ್ಸ್ ಫೈಲ್. ಆಸ್ಮಾಳಿಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು. ಸಿಸ್ಟಮ್ ಹೊಸದಾಗಿ ಹಾಕಿದರೆ ಫೋಟೋ, ಚಿತ್ರ, ಬರಹ ಎಲ್ಲವನ್ನೂ ಉಳಿಸಬಹುದು, ಆದರೆ ಪ್ರೋಗ್ರಾಮುಗಳು ಹೋಗುತ್ತವೆ. ಅವನ್ನು ಮತ್ತೆ ಹಾಕಬೇಕು. ಹಾಕಿದ ಮೇಲೆ ಈ ಪ್ರೋಗ್ರಾಂ, ನೀನು ನನ್ನನ್ನು ಕೊಂಡವಳೇ ಎನ್ನುವುದಕ್ಕೆ ಸಾಕ್ಷಿ ಕೇಳುತ್ತದೆ. ಆ ಸಾಕ್ಷಿ ಈ ಫೈಲು. ಇದಿಲ್ಲದಿದ್ದರೆ ಚಿತ್ರಗಳೆಲ್ಲ ಇದ್ದೂ ಹೊಲಿಗೆಯಾಗುವುದಿಲ್ಲ.

ಶಬ್ನಮ್‌ಗೆ ಇದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ಫೈಲು ಹೋಗಬಾರದು ಎಂದಷ್ಟೇ ಕೇಳಿದ್ದಳು.

ಆಸ್ಮಾ ಆ ಫೋಲ್ಡರನ್ನು ನಕಲು ಮಾಡಲಿಲ್ಲ. ಅಳಿಸಲೂ ಇಲ್ಲ. ಪರದೆಯ ಮೇಲೆ ತೆರೆದಿದ್ದುದನ್ನು ಮುಚ್ಚಿದಳು ಅಷ್ಟೇ.

ಎರಡನೆಯ ಪೆನ್‌ಡ್ರೈವ್ ಚುಚ್ಚಿದಳು. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ, ಎಂದರೆ ಪೂರ್ತಿ ಅಳಿಸದೆ, ಹಳೆಯದರ ಮೇಲೆಯೇ ಹೊಸದನ್ನು ಹಾಕಿದಳು. ಹಾಗೆ ಹಾಕಿದರೆ ಹಳೆಯ ಸಿಸ್ಟಮಿನ ಸಾಮಾನೆಲ್ಲ ಒಂದು ಹಳೆಯ ಫೋಲ್ಡರಿನೊಳಗೆ ಹೋಗಿ ಕುಳಿತುಕೊಳ್ಳುತ್ತದೆ, ಸ್ವಲ್ಪ ದಿನ ಬಿಟ್ಟು ಸಿಸ್ಟಮ್ ತಾನೇ ಅದನ್ನು ಗುಡಿಸಿ ಹಾಕುತ್ತದೆ. ಸಂಜೆಯಾಗುವ ಮುಂಚೆ ಕೆಲಸ ಮುಗಿಯಿತು. ನಕಲಿನಿಂದ ವಾಪಸು ಹಾಕಿದ ಚಿತ್ರಗಳು, ಫೋಟೋಗಳು ಮೊದಲಿದ್ದ ಜಾಗದಲ್ಲೇ ಇದ್ದವು. ಶಬ್ನಮ್ ಒಂದೊಂದಾಗಿ ತೆರೆದು ನೋಡಿ ಮಗುವಿನಂತೆ ನಕ್ಕಳು.

ನಗು ಮರುದಿನ ಬೆಳಿಗ್ಗೆಯವರೆಗೆ ಇತ್ತು.

“ಭಾಬಿ, ಹೊಲಿಗೆ ಪ್ರೋಗ್ರಾಂ ಕಾಣ್ತಿಲ್ಲ!”

“ಅದು ಪ್ರೋಗ್ರಾಂ. ಸಿಸ್ಟಮ್ ಜೊತೆ ಹೋಗ್ತೈತೆ. ತಿಪ್ಪೇಶಣ್ಣನ ಹತ್ರ ಇರ್ತೈತಲ್ಲ, ಹಾಕಿಸ್ಕೊಂಡ್ರೆ ಆತು,” ಎಂದಳು ಆಸ್ಮಾ, ಸೊಪ್ಪು ಬಿಡಿಸುತ್ತ. ತಲೆ ಎತ್ತಲಿಲ್ಲ.

ಶಬ್ನಮ್ ಜಗಳೂರಿಗೆ ಫೋನ್ ಮಾಡಿದಳು. ಲ್ಯಾಪ್‌ಟಾಪ್ ತೆಗೆದುಕೊಂಡು ಬನ್ನಿ ಎಂದ ತಿಪ್ಪೇಶ್. ಆರಿಫ್ ಬಾಡಿಗೆ ಬಿಟ್ಟು ಹೊರಟ. ಅವನೊಬ್ಬನೇ ಹೋಗುವುದು ಬೇಡವೆಂದು ಕರೀಮ್ ಅಂಗಡಿಯ ಬಾಗಿಲೆಳೆದು ಜೊತೆಗೆ ಹೋದ. ಆಸ್ಮಾಳ ತಂದೆಗೆ ಹುಷಾರಿಲ್ಲದಾಗ ಹೊನ್ನಾಳಿಗೆ ಬರಲು ಅಂಗಡಿಗೆ ಸೀಜನ್ ಎಂದು ಒಪ್ಪದ ಮನುಷ್ಯ, ತಮ್ಮನ ಹೆಂಡತಿಯ ಕಸೂತಿಗಾಗಿ ಜಗಳೂರಿನ ಬಸ್ಸು ಹತ್ತಲು ಹೊರಟ. ಆಸ್ಮಾ ಬಾಗಿಲಲ್ಲಿ ನಿಂತು ನೋಡಿದಳು. ಪಾಪ ಮಾಡಿದೆನೆಂಬ ಅಳುಕು ಅಲ್ಲಿಯವರೆಗೆ ಇದ್ದದ್ದು, ಬಸ್ ನಿಲ್ದಾಣದ ಕಡೆ ನಡೆದ ಗಂಡನ ಬೆನ್ನು ನೋಡುತ್ತ ಕರಗಿಹೋಯಿತು.

ಅವರು ಸಂಜೆ ಬರಿಗೈಲಿ ಬಂದರು. ತಿಪ್ಪೇಶ್ ಪ್ರೋಗ್ರಾಂ ಹಾಕಿದ್ದ, ಅದು ತೆರೆದು ಲೈಸೆನ್ಸ್ ಕೇಳಿ ಕುಳಿತಿತ್ತು. ಹಳೆಯದು ಹೋಗಿದ್ದರೆ ಕಂಪನಿಗೆ ಬರೆಯಬೇಕು, ಅವರು ಕಳಿಸಲು ತಿಂಗಳಾದರೂ ಆದೀತು ಎಂದಿದ್ದ.

ಮನೆಯಲ್ಲಿ ಆಸ್ಮಾಳನ್ನು ಯಾರೂ ದೂರಲಿಲ್ಲ. “ನೀವು ಎಲ್ಲ ಉಳಿಸಿಕೊಟ್ರಿ ಭಾಬಿ. ಲೈಸೆನ್ಸ್ ಜೋಪಾನ ಮಾಡ್ಬೇಕು ಅಂತ ನಂಗೇ ಗೊತ್ತಿರ್ಲಿಲ್ಲ,” ಎಂದಳು ಶಬ್ನಮ್. ಅವಳ ಕಣ್ಣುಗಳು ಊದಿಕೊಂಡಿದ್ದವು. ಗುಲ್ಜಾರ್‌ಬೀ ಅವಳ ತಲೆ ಸವರಿದರು, ಆರಿಫ್ ಅವಳಿಗಿಷ್ಟದ ಬೆಣ್ಣೆ ಬಿಸ್ಕತ್ತು ತಂದ, ಕರೀಮ್ ಯಾರ್ಯಾರಿಗೋ ಫೋನ್ ಮಾಡಿ ವಿಚಾರಿಸಿದ. ಗೆದ್ದಾಗಲೂ ಅವಳೇ, ಸೋತಾಗಲೂ ಅವಳೇ. ಇಡೀ ಮನೆ ಅವಳ ಸುತ್ತಲೇ ತಿರುಗುತ್ತಿದ್ದುದನ್ನು ಆಸ್ಮಾ ತಟ್ಟೆಗಳನ್ನು ತೊಳೆಯುತ್ತ ಕೇಳಿಸಿಕೊಂಡಳು.

ಬೆಳಿಗ್ಗೆ ಗುಲ್ಜಾರ್‌ಬೀ ಅಟ್ಟದಿಂದ ಉದ್ದನೆಯ ಮರದ ಚೌಕಟ್ಟೊಂದನ್ನು ಇಳಿಸಿದರು. ಧೂಳು ಒರೆಸಿ ಮುಂದಿನ ಕೋಣೆಯಲ್ಲಿ ಬಟ್ಟೆ ಬಿಗಿದರು. ಕೈಯಲ್ಲಿ ಮರದ ಹಿಡಿಯ ಕೊಕ್ಕೆಸೂಜಿ.

“ನಮ್ಮ ಅಮ್ಮ ಕಲಿಸಿದ್ದು. ಮದುವೆ ಆದ್ಮೇಲೆ ಬಿಟ್ಟಿದ್ದೆ. ಬಾ ಶಬ್ಬೋ, ನಿನ್ನ ಬಳ್ಳಿ ತೋರ್ಸು, ನಾವೇ ಹೊಲಿಯಾಣ. ಆ ಡಬ್ಬ ಇಲ್ದಿದ್ರೆ ಪ್ರಪಂಚ ಮುಳುಗ್ತೈತಾ?”

ಅತ್ತೆಗೆ ಕೊಕ್ಕೆಸೂಜಿಯ ಕಸೂತಿ ಬರುತ್ತದೆಂಬುದೇ ಆಸ್ಮಾಳಿಗೆ ಹೊಸ ಸುದ್ದಿ. ಇಷ್ಟು ವರ್ಷ ಈ ಮನೆಯಲ್ಲಿದ್ದೂ ಅವರು ಒಮ್ಮೆಯೂ ಹೇಳಿರಲಿಲ್ಲ. ಶಬ್ಬೋ ಎಂದು ಕರೆದದ್ದೂ ಹೊಸದೇ.

ಅವರಿಬ್ಬರೂ ಚೌಕಟ್ಟಿನ ಎದುರುಬದುರು ಕುಳಿತರು. ಮೊದಲು ಶಬ್ನಮಳ ಸೂಜಿ ಸಿಕ್ಕಿಕೊಂಡಿತು, ದಾರ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಎಲೆ ಬಂತು. ಮರುದಿನ ಹೂವು ಬಂತು. ಯಂತ್ರ ಹೊಲಿದ ಹೂವು ಎಲ್ಲ ಒಂದೇ ಥರ ಇರುತ್ತಿತ್ತು. ಇವು ಒಂದು ಅರಳಿದ್ದು, ಒಂದು ಬಾಡಿದ್ದು, ಒಂದು ಗಾಳಿಗೆ ವಾಲಿದ್ದು. ಗುಲ್ಜಾರ್‌ಬೀ ತಮ್ಮ ತಾಯಿಯ ಕಥೆ ಹೇಳುತ್ತಿದ್ದರು, ಮೈದುನಂದಿರ ಮದುವೆಯ ಹಾಡು ಗುನುಗುತ್ತಿದ್ದರು, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಶಬ್ನಮಳ ಬಾಯಿಗೇ ಇಡುತ್ತಿದ್ದರು, ಅವಳ ಕೈಗೆ ಬಿಡುವಿಲ್ಲವೆಂದು. ಇಬ್ಬರ ನಗು ಅಡುಗೆಮನೆಯವರೆಗೂ ಬರುತ್ತಿತ್ತು. ಆಸ್ಮಾ ಚಹಾ ತೆಗೆದುಕೊಂಡು ಹೋದಾಗ ನಗು ನಿಲ್ಲುತ್ತಿರಲಿಲ್ಲ, ಆದರೆ ಏಕೆ ನಗುತ್ತಿದ್ದಾರೆಂದು ಯಾರೂ ಹೇಳುತ್ತಿರಲಿಲ್ಲ.

“ನನಗೂ ಕಲಿಸ್ರಿ ಅಮ್ಮಿ,” ಎಂದಳು ಒಮ್ಮೆ, ಬಾಯಿಂದ ಜಾರಿದಂತೆ.

“ನೀ ಇಲ್ಲಿ ಕುಂತ್ರೆ ಒಲೆ ಮುಂದೆ ಯಾರು ಇರ್ತಾರೆ ಬೇಟಿ? ಮದುವೆ ಮುಗೀಲಿ,” ಎಂದರು ಗುಲ್ಜಾರ್‌ಬೀ, ಬಳ್ಳಿಯಿಂದ ಕಣ್ಣು ಕೀಳದೆ. ಆಮೇಲೆ ಶಬ್ನಮ್ ಕಡೆ ತಿರುಗಿ, “ಕಂಪ್ಯೂಟರ್ ಕೆಟ್ಟಿದ್ದು ಒಳ್ಳೇದೇ ಆತು ನೋಡು. ಮುಂದೆ ಎಲ್ಲ ಹಿಂಗೇ ಕೈಯಾಗೆ ಮಾಡಾಣ, ನಾನು ನೀನು,” ಎಂದರು.

ಆಸ್ಮಾ ಖಾಲಿ ಲೋಟಗಳನ್ನೆತ್ತಿಕೊಂಡು ಒಳಗೆ ಬಂದಳು. ಲೋಟ ಬಚ್ಚಲಿಗೆ ಹಾಕಿ ಅಲ್ಲೇ ನಿಂತಳು. ನಾನು ನೀನು. ಮುಂದಿನ ಕೋಣೆಯಿಂದ ತಾನು ಹೊರಬಿದ್ದದ್ದು ಯಂತ್ರ ಬಂದಾಗಲಲ್ಲ, ಈಗ ಎಂದು ಅವಳಿಗನ್ನಿಸಿತು. ಯಂತ್ರ ಓಡುತ್ತಿದ್ದಾಗ ಅತ್ತೆ ಶಬ್ನಮಳ ಕೆಲಸವನ್ನು ಹೊಗಳುತ್ತಿದ್ದರು, ಅಷ್ಟೇ. ಈಗ ಅವಳ ಎದುರಿಗೇ ಕುಳಿತುಬಿಟ್ಟಿದ್ದರು. ಇದನ್ನು ತಂದುಕೊಟ್ಟದ್ದು ತನ್ನ ಕೈಯೇ.

ಆ ಡಬ್ಬ ಮತ್ತೆ ಓಡಬೇಕು. ಆ ಚೌಕಟ್ಟು ಅಟ್ಟಕ್ಕೆ ಹೋಗಬೇಕು. ಅವಳಿಗೆ ಬೇರೇನೂ ತೋಚಲಿಲ್ಲ. ಮದುಮಗಳ ನೆನಪೂ ಆಗಲಿಲ್ಲ, ಮಾಡಿದ್ದು ತಪ್ಪೆಂದೂ ಆ ಹೊತ್ತಿಗೆ ಅನ್ನಿಸಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹಸಿರು ದಾರ ಮುಗಿದು, ಶಬ್ನಮ್ ಆರಿಫ್ ಜೊತೆ ಪೇಟೆಗೆ ಹೋದಳು. ಗುಲ್ಜಾರ್‌ಬೀ ನಮಾಜ್ ಮುಗಿಸಿ ಒರಗಿದ್ದರು. ಆಸ್ಮಾ ಮುಂದಿನ ಕೋಣೆಗೆ ಬಂದು ಲ್ಯಾಪ್‌ಟಾಪ್ ತೆರೆದಳು. ಸಿಸ್ಟಮ್ ಆಗಲೇ ಹಳೆಯದನ್ನು ಗುಡಿಸಿಬಿಟ್ಟಿದ್ದರೆ? ಹುಡುಕಿದಳು. ಹಳೆಯ ಫೋಲ್ಡರ್ ಇನ್ನೂ ಇತ್ತು. ಒಳಗೆ, ಇನ್ನೊಂದು ಒಳಗೆ, ಅದೇ ಮೂಲೆಯಲ್ಲಿ ಆ ಸಣ್ಣ ಫೈಲು ಇತ್ತು. ಅದನ್ನೆತ್ತಿ ಹೊಸ ಜಾಗದಲ್ಲಿಟ್ಟಳು. ಪ್ರೋಗ್ರಾಂ ತೆರೆದಳು. ಕೇಳುವುದನ್ನೆಲ್ಲ ಮರೆತಂತೆ ಅದು ಸುಮ್ಮನೆ ತೆರೆದುಕೊಂಡಿತು. ನ್ಯಾಮತಿ, ದುರ್ಗಾಂಬಿಕಾ. ಅವರೆ ಬಳ್ಳಿ ಸಾವಿರಾರು ಸಣ್ಣ ಹೊಲಿಗೆಗಳಾಗಿ ಪರದೆ ತುಂಬ ಹಬ್ಬಿತು.

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಶಬ್ನಮ್ ದಾರದ ಉಂಡೆಗಳನ್ನು ಹಿಡಿದು ಒಳಬಂದವಳು ಪರದೆ ನೋಡಿ ನಿಂತಳು.

“ಭಾಬಿ! ಹೆಂಗೆ ಬಂತು?”

“ಲೈಸೆನ್ಸ್ ಸಿಕ್ತು.”

ಶಬ್ನಮ್ ಓಡಿಬಂದು ಅವಳನ್ನು ತಬ್ಬಿಕೊಂಡಳು. ಆಮೇಲೆ ಮೌಸ್ ಹಿಡಿದು ಬಳ್ಳಿಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈ ನಿಧಾನವಾಯಿತು.

“ಎಲ್ಲಿತ್ತು?”

“ಹಳೇ ಸಿಸ್ಟಮ್ ಫೋಲ್ಡರ್‌ನಾಗೆ.”

“ಅಂದ್ರೆ ಇದ್ರೊಳಗೇ? ನಾವು ಜಗಳೂರಿಗೆ ಹೊತ್ಕೊಂಡು ಹೋದಾಗ್ಲೂ ಇದ್ರೊಳಗೇ ಇತ್ತಾ?”

“ಇತ್ತು.”

“ನಿಮಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದಿದ್ದರೆ ಶಬ್ನಮ್ ನಂಬುತ್ತಿದ್ದಳು. ಆಸ್ಮಾ ಬಾಯಿ ತೆರೆದದ್ದು ಅದನ್ನೇ ಹೇಳಲೆಂದು. ಆದರೆ ಇಷ್ಟು ಸಲೀಸಾದ ವಿಷಯ ತನಗೆ ತಿಳಿಯಲಿಲ್ಲ ಎಂದು ಶಬ್ನಮಳ ಎದುರಿಗೆ ಒಪ್ಪಿಕೊಳ್ಳಲು ಅವಳಿಗೆ ಆಗಲಿಲ್ಲ. ಕಂಪ್ಯೂಟರ್ ವಿಷಯವೊಂದಾದರೂ ತನ್ನದಾಗಿ ಉಳಿಯಬೇಕಿತ್ತು.

“ಮೊದಲ ದಿನಾನೇ ನೋಡಿದ್ದೆ,” ಎಂದಳು.

ಶಬ್ನಮ್ ಕುರ್ಚಿಯ ಮೇಲೆ ಕುಳಿತಳು. “ಯಾಕೆ ಭಾಬಿ?”

“ಹೊಟ್ಟೆ ಉರೀತಿತ್ತು.”

“ನನ್ನ ಮ್ಯಾಲಾ? ನಾನೇನು ಮಾಡಿದ್ದೆ ನಿಮಗೆ?”

“ಏನೂ ಮಾಡಿಲ್ಲ. ನೀನೇನಾದ್ರೂ ಮಾಡಿದ್ದಿದ್ರೆ ಜಗಳ ಆಡಿ ಸುಮ್ನಾಗ್ತಿದ್ದೆ.”

“ಈಗ ಯಾಕೆ ಹುಡುಕಿಕೊಟ್ರಿ? ಮನಸ್ಸು ಕರಗ್ತಾ?”

“ಇಲ್ಲ,” ಎಂದಳು ಆಸ್ಮಾ. ಚೌಕಟ್ಟಿನ ಕಡೆ ಕೈ ತೋರಿಸಿದಳು. “ನೀವಿಬ್ರೂ ಹಂಗೆ ಕುಂತ್ಕೊಂಡು ನಗೋದು ನೋಡಾಕೆ ಆಗ್ಲಿಲ್ಲ.”

ಶಬ್ನಮ್ ಮೌಸ್ ಮೇಲಿಂದ ಕೈ ತೆಗೆದಳು. ಅವಳ ಮುಖ ಕೆಂಪಾಗಿತ್ತು. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. “ನೀವು ಒಳಗೆ ಹೋಗ್ರಿ. ನಂಗೆ ಕೆಲಸ ಐತೆ,” ಎಂದಳು.

ಎಡತೋಳು ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಆಗಿತ್ತು. ಅದನ್ನು ಕೈಯಲ್ಲೇ ಮುಗಿಸಿದರು. ಬೆನ್ನನ್ನೂ ಬಲತೋಳನ್ನೂ ಯಂತ್ರ ಹೊಲಿಯಿತು. ಶಬ್ನಮ್ ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಭಾಬಿ ಲೈಸೆನ್ಸ್ ಹುಡುಕಿಕೊಟ್ಟರು ಎಂದಷ್ಟೇ ಹೇಳಿದಳು. ಹೇಳಿಬಿಡುತ್ತಾಳೆ ಎಂದು ಆಸ್ಮಾ ಊಟಕ್ಕೆ ಕುಳಿತಾಗೆಲ್ಲ ಕಾದಳು. ಬೈಗುಳ ಬಿದ್ದಿದ್ದರೆ ತಿರುಗಿ ಬೈಯಬಹುದಿತ್ತು. ಬೀಳಲಿಲ್ಲ. ಆ ದೊಡ್ಡತನವೂ ಶಬ್ನಮಳ ಪಾಲಿಗೇ ಹೋಯಿತಲ್ಲ ಎಂದು ಅವಳ ಒಡಲು ಮತ್ತೆ ಉರಿಯಿತು.

ಮದುವೆಗೆ ಮೂವರೂ ಹೆಂಗಸರು ನ್ಯಾಮತಿಗೆ ಹೋದರು. ದುರ್ಗಾಂಬಿಕಾ ಧಾರೆಗೆ ನಿಂತಾಗ ಹಿಂದೆ ಕುಳಿತ ಹೆಂಗಸರೆಲ್ಲ ಅವಳ ಬೆನ್ನು ನೋಡುತ್ತಿದ್ದರು. ಊಟದ ಹೊತ್ತಿಗೆ ಮದುಮಗಳ ತಾಯಿ ದುರುಗಮ್ಮ ಬಂದು ಶಬ್ನಮಳ ಕೈ ಹಿಡಿದು, “ನಮ್ಮ ಹೊಲದ ಬೇಲಿನೇ ತಂದು ಮಗಳ ಮೈಮೇಲೆ ಹಬ್ಬಿಸಿದ್ಯಲ್ಲವ್ವಾ,” ಎಂದು ಕಣ್ಣು ಒರೆಸಿಕೊಂಡರು. ಗುಲ್ಜಾರ್‌ಬೀ ಆಸ್ಮಾಳನ್ನು ಮುಂದಕ್ಕೆ ತಳ್ಳಿ, “ಈಕೆ ನಮ್ಮ ದೊಡ್ಡ ಸೊಸೆ. ಈಕೆ ಇಲ್ದಿದ್ರೆ ರವಿಕೆ ಆಗ್ತಿರ್ಲಿಲ್ಲ. ಕಂಪ್ಯೂಟರ್ ಸತ್ತೋಗಿತ್ತು, ಎಬ್ಬಿಸಿಕೊಟ್ಳು,” ಎಂದರು. ದುರುಗಮ್ಮ ಆಸ್ಮಾಳಿಗೂ ತಾಂಬೂಲದ ಚೀಲ ಕೊಟ್ಟರು. ಶಬ್ನಮ್ ಎಲೆಯ ಮೇಲಿನ ಅನ್ನ ಕಲಸುತ್ತ ತಲೆ ತಗ್ಗಿಸಿಯೇ ಇದ್ದಳು.

ವಾಪಸು ಬರುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿದರು. ಶಬ್ನಮ್‌ಗೆ ಮುಂದೆ ಸೀಟು ಸಿಕ್ಕಿತು, ಅತ್ತೆ ಸೊಸೆ ಹಿಂದೆ ಕುಳಿತರು. ಬಸ್ಸು ಸೇತುವೆ ದಾಟಿ ಸ್ವಲ್ಪ ದೂರ ಬಂದ ಮೇಲೆ, ಮಡಿಲಲ್ಲಿದ್ದ ತಾಂಬೂಲದ ಚೀಲ ನೋಡುತ್ತ ಆಸ್ಮಾ ಹೇಳಿದಳು.

“ಅಮ್ಮಿ, ಆ ಲೈಸೆನ್ಸ್ ಕಳೆದಿರ್ಲಿಲ್ಲ. ಎಲ್ಲೈತೆ ಅಂತ ಗೊತ್ತಿದ್ದೂ ನಾನೇ ಬಾಯಿ ಮುಚ್ಕೊಂಡಿದ್ದೆ.”

ಗುಲ್ಜಾರ್‌ಬೀಗೆ ಮೊದಲು ಅರ್ಥವಾಗಲಿಲ್ಲ. ಆಸ್ಮಾ ಮತ್ತೊಮ್ಮೆ, ಬಿಡಿಸಿ ಹೇಳಿದಳು. ಅರ್ಥವಾದ ಮೇಲೆ ಅವರು ಕಿಟಕಿಯ ಕಡೆ ತಿರುಗಿ ಕುಳಿತರು. ಬಸವಾಪಟ್ಟಣ ಬರುವವರೆಗೂ ತಿರುಗಲಿಲ್ಲ.

“ಎರಡು ಗಂಡುಮಕ್ಕಳು ಬಾಡಿಗೆ ಬಿಟ್ಟು, ಅಂಗಡಿ ಬಿಟ್ಟು ಅಲೆದ್ರು,” ಎಂದರು ಕೊನೆಗೆ. “ಆ ಹುಡುಗಿ ಅತ್ತಿದ್ದು ನೋಡ್ತಾ ರೊಟ್ಟಿ ಹೆಂಗೆ ತಟ್ಟಿದೆ ನೀನು?”

ಆಸ್ಮಾ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

“ಏನು ಬೇಕಿತ್ತು ನಿಂಗೆ? ಆ ಕೋಣೆ ಬೇಕಿತ್ತಾ? ಬಾಯಿ ಬಿಟ್ಟು ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?”

“ಕೊಡ್ತಿರ್ಲಿಲ್ಲ ಅಮ್ಮಿ.”

ಗುಲ್ಜಾರ್‌ಬೀ ಸಿಟ್ಟಿನಿಂದ ಅವಳ ಕಡೆ ನೋಡಿದರು. ಬಸ್ಸು ಒಂದೆರಡು ಊರು ದಾಟಿತು. ಅವರು ಸೆರಗು ಸರಿಮಾಡಿಕೊಂಡರು.

“ಹೌದು, ಕೊಡ್ತಿರ್ಲಿಲ್ಲ,” ಎಂದರು.

ಮನೆಗೆ ಬಂದ ಮೇಲೆ ಅವರು ಮಗನ ಹತ್ತಿರ ಏನು ಮಾತಾಡಿದರೋ ಆಸ್ಮಾಳಿಗೆ ಗೊತ್ತಾಗಲಿಲ್ಲ. ಕರೀಮ್ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಮೂರನೆಯ ದಿನ ಬೀರುವಿನ ಪಕ್ಕದ ಮೇಜು ಮುಟ್ಟಿ, “ಇದನ್ನ ಅಂಗಡಿಗೆ ಒಯ್ದು ಹಾಕ್ಲಾ? ರಸ್ತೆ ಕಡೆ ಒಂದು ಮಗ್ಗಲು ಬಿಟ್ಟುಕೊಡ್ತೀನಿ. ಹಲಗೆ ಅಡ್ಡ ಹಾಕಿದ್ರೆ ನಿಂದೇ ಬೇರೆ ಆಗ್ತೈತೆ,” ಎಂದು ಕೇಳಿದ. ಈ ಸಲ ಅವನು ಕೇಳಿದ್ದ. ಆಸ್ಮಾ ಹೂಂ ಎಂದಳು. ಬೆಳಗಿನ ಅಡುಗೆ ಆಸ್ಮಾಳದು, ಸಂಜೆಯದು ಶಬ್ನಮಳದು ಎಂದು ಗುಲ್ಜಾರ್‌ಬೀ ತೀರ್ಮಾನಿಸಿದರು.

ಅಂಗಡಿಯ ಮಗ್ಗುಲಿಗೆ ಜನ ಬರತೊಡಗಿದರು. ಹೆಚ್ಚಾಗಿ ಮೇಷ್ಟ್ರುಗಳು, ಕಾಲೇಜಿನ ಹುಡುಗಿಯರು, ಒಬ್ಬ ಫೋಟೋ ಸ್ಟುಡಿಯೋದವನು. ಸಿಸ್ಟಮ್ ಹಾಕುವ ಮುಂಚೆ ಆಸ್ಮಾ ಪ್ರತಿಯೊಬ್ಬರಿಗೂ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ, ಹೋಗುವುದಕ್ಕೆ ಏನು ಜೋಪಾನ ಮಾಡಿಕೊಂಡಿರಬೇಕು ಎಂದು ಬಿಡಿಸಿ ಹೇಳುತ್ತಿದ್ದಳು. ಕೆಲವರಿಗೆ ಬೇಸರವಾಗುತ್ತಿತ್ತು.

ಶಬ್ನಮ್ ಮೊದಲಿನಂತೆ ಭಾಬಿ ಎಂದೇ ಕರೆಯುತ್ತಿದ್ದಳು. ಆದರೆ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿದ್ದಳು, ಅದನ್ನು ಯಾರಿಗೂ ಹೇಳಿರಲಿಲ್ಲ. ಅದು ಸರಿಯೇ ಎಂದು ಆಸ್ಮಾಳಿಗೂ ಅನ್ನಿಸಿತು. ಒಂದು ಮಧ್ಯಾಹ್ನ ಶಬ್ನಮ್ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದಳು. ಹಲಗೆಯ ಆಚೆ ನಿಂತೇ ಮಾತಾಡಿದಳು.

“ಇದು ಮತ್ತೆ ನಿಧಾನ ಆಗೈತೆ. ಹೊಸದಾಗಿ ಹಾಕ್ಬೇಕು.”

ಆಸ್ಮಾ ಕೈ ಚಾಚಿದಳು. ಶಬ್ನಮ್ ಚೀಲ ಕೊಡಲಿಲ್ಲ.

“ನಿಮ್ಮ ಕೈಗೆ ಕೊಡಾಕೆ ಬಂದಿಲ್ಲ. ಕಲಿಸ್ರಿ. ನಾನೇ ಹಾಕ್ಕೊಂತೀನಿ.”

ಆಸ್ಮಾ ಪಕ್ಕದ ಸ್ಟೂಲಿನ ಮೇಲಿದ್ದ ರೆಕ್ಸಿನ್ ತುಂಡುಗಳನ್ನು ಕೆಳಗಿಟ್ಟು ಜಾಗ ಮಾಡಿದಳು. ಶಬ್ನಮ್ ಕುಳಿತು ಲ್ಯಾಪ್‌ಟಾಪ್ ತೆರೆದಳು, ಪರದೆಯನ್ನು ಓರೆ ಮಾಡಿ ಪಾಸ್‌ವರ್ಡ್ ಒತ್ತಿದಳು. ಆಸ್ಮಾ ಹೇಳುತ್ತ ಹೋದಳು, ಅವಳು ಮಾಡುತ್ತ ಹೋದಳು. ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಕೇಳಲಿಲ್ಲ. ತಾನು ಹೊನ್ನಾಳಿಯಲ್ಲಿ ವಾರಗಟ್ಟಲೆ ತಿಣುಕಿ ಕಲಿತದ್ದನ್ನು ಅವಳು ಚಹಾ ಆರುವುದರೊಳಗೆ ಹಿಡಿದುಬಿಟ್ಟಳು. ಆಸ್ಮಾ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

“ಫಾರ್ಮ್ಯಾಟ್ ಅಂತ ಕೇಳ್ತೈತೆ. ಏನು ಒತ್ಲಿ?” ಎಂದಳು ಶಬ್ನಮ್.

“ಒತ್ತಬೇಡ,” ಎಂದಳು ಆಸ್ಮಾ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು. “ಅದರ ಕೆಳಗಿಂದು ಒತ್ತು.”